ಐದು ತಿಂಗಳ ನಾಯಿಮರಿ, ಕಣ್ಣಿನ ಸುತ್ತ ಕೂದಲು ಉದುರುತ್ತಿದೆ, ತುರಿಕೆ ಮಾತ್ರ ಇಲ್ಲ. ಏನಿರಬಹುದು?

ಚುಕ್ಕಿಯ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮರಿಯ ಹೆಸರು ಚುಕ್ಕಿ. ಹೆಣ್ಣು. ಮೊನ್ನೆಗೆ ಐದು ತಿಂಗಳು ತುಂಬಿತು. ಮೂರು ವಾರದ ಹಿಂದೆ ಅವಳ ಎಡಗಣ್ಣಿನ ಮೇಲೆ ಕೂದಲು ಸ್ವಲ್ಪ ತೆಳುವಾದ ಹಾಗೆ ಕಾಣಿಸಿತು. ಎಲ್ಲೋ ಉಜ್ಜಿಕೊಂಡಿರಬೇಕು ಅಂದುಕೊಂಡು ಸುಮ್ನೆ ಬಿಟ್ಟೆ. ವಾರ ಕಳೆಯುವಷ್ಟರಲ್ಲಿ ಅದು ಕಣ್ಣಿನ ಸುತ್ತ ಉಂಗುರ ಕಟ್ಟಿತು. ಆಮೇಲೆ ಬಾಯಿಯ ಮೂಲೆಯಲ್ಲಿ ಒಂದು, ಈಗ ಬಲ ಮುಂಗಾಲಿನ ಮೇಲೆ ಅಂಗಿ ಗುಂಡಿಯಷ್ಟು ಅಗಲದ್ದು ಇನ್ನೊಂದು. ಅಲ್ಲಿ ಚರ್ಮ ಸ್ವಲ್ಪ ಗುಲಾಬಿ, ಮೇಲೆ ಸಣ್ಣಗೆ ಹೊಟ್ಟು. ಕೀವಿಲ್ಲ, ವಾಸನೆಯೂ ಇಲ್ಲ.

ವಿಚಿತ್ರ ಅಂದ್ರೆ ಅವಳು ಕೆರೆದುಕೊಳ್ಳುವುದೇ ಇಲ್ಲ. ಚೆನ್ನಾಗಿ ತಿನ್ನುತ್ತಾಳೆ, ಓಡಾಡುತ್ತಾಳೆ, ಚಪ್ಪಲಿ ಕಚ್ಚುತ್ತಾಳೆ. ಮುಖ ನೋಡಿದರೆ ಮಾತ್ರ ನನಗೆ ಸಂಕಟ ಆಗುತ್ತದೆ.

ನಾನು ಏನೇನು ಮಾಡಿದ್ದೇನೆ ಅಂತ ಮುಚ್ಚಿಡದೆ ಹೇಳುತ್ತೇನೆ. ಮೊದಲು ನಾವೇ ಬಳಸುವ ಶಾಂಪೂ ಹಾಕಿ ಎರಡು ಸಲ ಸ್ನಾನ ಮಾಡಿಸಿದೆ. ಆಮೇಲೆ ಅಕ್ಕನ ಹತ್ತಿರ ತುರಿಕೆಗೆ ಅಂತ ತಂದಿದ್ದ ಒಂದು ಕ್ರೀಮ್ ಉಳಿದಿತ್ತು, ಅದನ್ನು ಮುಂಗಾಲಿಗೂ ಬಾಯಿಯ ಪಕ್ಕಕ್ಕೂ ನಾಲ್ಕು ದಿನ ಹಚ್ಚಿದೆ. ಕೆಂಪು ಕಡಿಮೆ ಆಯಿತು. ಆದರೆ ಮಚ್ಚೆ ಇನ್ನೂ ಅಗಲ ಆದ ಹಾಗಿದೆ. ಪರಿಚಯದವರೊಬ್ಬರು ಗಾಡಿಯಿಂದ ತೆಗೆದ ಹಳೇ ಆಯಿಲ್ ಹಚ್ಚು, ಎಂಥ ಕಜ್ಜಿಯಾದರೂ ಹೋಗುತ್ತದೆ ಅಂದರು. ಅದಕ್ಕೆ ಮನಸ್ಸು ಬರಲಿಲ್ಲ, ಹಚ್ಚಿಲ್ಲ.

ಮನೆಯಲ್ಲಿ ಆರು ವರ್ಷದ ಮಗ ಇದ್ದಾನೆ. ಇಬ್ಬರೂ ಒಂದೇ ಚಾಪೆಯ ಮೇಲೆ ಹೊರಳಾಡುತ್ತಾರೆ. ಇದು ಅವನಿಗೆ ಅಂಟುತ್ತದಾ? ಇನ್ನೂ ಸ್ವಲ್ಪ ದಿನ ಕಾಯಬಹುದಾ, ಅಥವಾ ಈಗಲೇ ಡಾಕ್ಟರ ಹತ್ತಿರ ಓಡಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.


ಎರಡು ನಾಯಿಗಳ ಅಮ್ಮ:

ಮೊದಲು ಆ ಕ್ರೀಮ್ ನಿಲ್ಲಿಸಿ. ಇವತ್ತೇ. ಉಳಿದದ್ದು ಆಮೇಲೆ ನೋಡೋಣ.

ಯಾಕೆ ಹೇಳುತ್ತಿದ್ದೇನೆ ಅಂದ್ರೆ ನಾನು ಇದೇ ದಾರಿಯಲ್ಲಿ ಹೋಗಿ ನಾಲ್ಕು ತಿಂಗಳು ಅತ್ತಿದ್ದೇನೆ. ನನ್ನ ದೊಡ್ಡವನಿಗೆ ಆರು ತಿಂಗಳಿದ್ದಾಗ ಹುಬ್ಬಿನ ಮೇಲೆ ಇದೇ ಥರ ಒಂದು ಬೋಳು ಮಚ್ಚೆ ಬಂತು. ಕರೆದುಕೊಂಡು ಹೋದೆ. ಅಲ್ಲಿ ಮುಟ್ಟಿ ನೋಡಿ, ಅಲರ್ಜಿ ಅಂತ ಹೇಳಿ ಒಂದು ಇಂಜೆಕ್ಷನ್ ಕೊಟ್ಟರು. ಚರ್ಮದ ಪರೀಕ್ಷೆ ಏನೂ ಮಾಡಲಿಲ್ಲ, ಕೇಳಬೇಕು ಅಂತ ನನಗೂ ಗೊತ್ತಿರಲಿಲ್ಲ. ಹತ್ತು ದಿನ ಎಲ್ಲಾ ಚೆನ್ನಾಗಿತ್ತು. ಕೆಂಪು ಹೋಯಿತು, ನನಗೆ ಖುಷಿ. ಎರಡನೇ ಇಂಜೆಕ್ಷನ್ ಕೂಡ ಕೊಡಿಸಿದೆ. ಅದಾಗಿ ಮೂರು ವಾರಕ್ಕೆ ಮುಖ ಪೂರ್ತಿ ಬೋಳಾಯಿತು, ನಾಲ್ಕೂ ಪಾದ ಊದಿಕೊಂಡವು, ಬೆರಳ ಸಂದಿಯಲ್ಲಿ ಒತ್ತಿದರೆ ರಕ್ತ ಬೆರೆತ ಕೀವು. ನೆಲಕ್ಕೆ ಕಾಲಿಡಲು ಆಗದೆ ನಿಂತಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದ. ಆ ನೋಟ ನನಗೆ ಇನ್ನೂ ಮರೆತಿಲ್ಲ.

ಬೇರೆ ಡಾಕ್ಟರ್ ಚರ್ಮ ಹೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ತುಂಬಾ ಹುಳ. ಡೆಮೊಡೆಕ್ಸ್ ಅಂತ ಹೆಸರು. ಹಿಂದೆ ಕೊಟ್ಟದ್ದು ಸ್ಟೆರಾಯ್ಡ್ ಅಂತಲೂ, ಈ ಹುಳ ಇರುವಾಗ ಅದನ್ನು ಕೊಡಲೇಬಾರದು ಅಂತಲೂ ಆಮೇಲೆ ತಿಳಿಯಿತು. ನಿಮ್ಮ ಅಕ್ಕನ ಟ್ಯೂಬ್ ತಿರುಗಿಸಿ ಹೆಸರು ಓದಿ. ಹೈಡ್ರೋಕಾರ್ಟಿಸೋನ್, ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೆರಾಯ್ಡ್.

ಹಳೇ ಆಯಿಲ್ ಹಚ್ಚದೆ ಇದ್ದದ್ದು ಪುಣ್ಯ.


ಚುಕ್ಕಿಯ ಮನೆ:

ಅಯ್ಯೋ, ಈಗಷ್ಟೇ ನೋಡಿದೆ. ಬೀಟಾಮೆಥಾಸೋನ್ ಅಂತಲೇ ಇದೆ ಅಕ್ಕ. ಎದೆ ಧಸಕ್ ಅಂತು. ನಾಲ್ಕು ದಿನ, ದಿನಕ್ಕೆ ಒಂದು ಸಲ, ತೆಳ್ಳಗೆ ಹಚ್ಚಿದ್ದೆ. ನೆಕ್ಕಿಯೂ ಇದ್ದಾಳೆ. ಏನಾದರೂ ಹೆಚ್ಚು ಕಡಿಮೆ ಆಗಿಬಿಟ್ಟಿರುತ್ತದಾ?


ಪಶುವೈದ್ಯೆ:

ಗಾಬರಿ ಬೇಡ. ನಾಲ್ಕು ದಿನ ತೆಳ್ಳಗೆ ಹಚ್ಚಿ ನಿಲ್ಲಿಸಿದ್ದೀರಿ, ಅಷ್ಟರಿಂದ ದೊಡ್ಡ ಅನಾಹುತ ಆಗುವ ಸಾಧ್ಯತೆ ಕಡಿಮೆ. ಮತ್ತೆ ಹಚ್ಚಬೇಡಿ. ತೋರಿಸಲು ಹೋದಾಗ ಈ ಕ್ರೀಮಿನ ವಿಷಯ ಮರೆಯದೆ ಹೇಳಿ, ಟ್ಯೂಬ್ ಜೊತೆಗೇ ಒಯ್ಯಿರಿ. ಎಷ್ಟೋ ಜನ ಬೈಸಿಕೊಳ್ಳಬೇಕಾಗುತ್ತದೆ ಅಂತ ಮುಚ್ಚಿಡುತ್ತಾರೆ, ಅದರಿಂದ ನಮಗೆ ದಾರಿ ತಪ್ಪುತ್ತದೆ.

ನೀವು ಬರೆದದ್ದನ್ನು ಓದಿದರೆ ನನಗೂ ಮೊದಲು ನೆನಪಾಗುವುದು ಡೆಮೊಡೆಕ್ಸ್. ವಯಸ್ಸು ಹೊಂದುತ್ತದೆ, ಜಾಗ ಹೊಂದುತ್ತದೆ, ತುರಿಕೆ ಇಲ್ಲದಿರುವುದೂ ಹೊಂದುತ್ತದೆ. ಆದರೆ ಓದಿ ಹೇಳುವುದು ಬೇರೆ, ನೋಡಿ ಹೇಳುವುದು ಬೇರೆ. ಮರಿಗಳಲ್ಲಿ ಕೂದಲು ಉದುರುವುದಕ್ಕೆ ಕಾರಣ ಹಲವು, ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಅದಕ್ಕೇ ನನ್ನ ಮಾತು ಇಷ್ಟೇ: ಏನೇ ಹಚ್ಚುವ ಮೊದಲು, ಏನೇ ಚುಚ್ಚಿಸುವ ಮೊದಲು, ಚರ್ಮ ಹೆರೆದು ನೋಡಿಸಿ. ಸ್ಕಿನ್ ಸ್ಕ್ರೇಪಿಂಗ್ ಅಂತ ಕೇಳಿ. ಡಾಕ್ಟರೇ ಹೇಳಲಿ ಅಂತ ಕಾಯಬೇಡಿ, ನೀವೇ ಬಾಯಿಬಿಟ್ಟು ಕೇಳಿ. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈ ಹುಳದ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಹುಳ ಅಂದ ಕೂಡಲೇ ಜನ ಹೆದರಿ ಮರಿಯನ್ನು ಮುಟ್ಟುವುದನ್ನೇ ಬಿಡುತ್ತಾರೆ. ಡೆಮೊಡೆಕ್ಸ್ ಕೂದಲಿನ ಬುಡದಲ್ಲಿ ಬದುಕುತ್ತದೆ. ಆರೋಗ್ಯವಾಗಿರುವ ನಾಯಿಗಳ ಮೈಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನ ಮರಿ ತಾಯಿಯ ಹಾಲು ಕುಡಿಯುತ್ತಾ ಒತ್ತಿಕೊಂಡು ಮಲಗುತ್ತದಲ್ಲ, ಆಗಲೇ ತಾಯಿಯಿಂದ ದಾಟಿಕೊಳ್ಳುತ್ತದೆ. ಅದಕ್ಕೇ ಮೊದಲು ಕಾಣಿಸುವುದು ಮೂತಿ, ಕಣ್ಣು, ಮುಂಗಾಲು. ದೇಹದ ಕಾವಲು ಗಟ್ಟಿ ಇರುವ ನಾಯಿಯಲ್ಲಿ ಹುಳದ ಸಂಖ್ಯೆ ಹದದಲ್ಲಿರುತ್ತದೆ. ಮರಿಗೆ ಆ ಕಾವಲು ಇನ್ನೂ ಬೆಳೆಯುತ್ತಿರುತ್ತದೆ, ಆ ಸಂದಿಯಲ್ಲಿ ಹುಳ ಜಾಸ್ತಿ ಆಗುತ್ತದೆ. ಸ್ಟೆರಾಯ್ಡ್ ಏನು ಮಾಡುತ್ತದೆ ಅಂದ್ರೆ ಅದೇ ಕಾವಲನ್ನು ಮಲಗಿಸುತ್ತದೆ. ಕೆಂಪು, ಊತ ಎಲ್ಲಾ ದೇಹ ಹೋರಾಡುತ್ತಿರುವ ಗುರುತು. ಹೋರಾಟ ನಿಂತರೆ ಕೆಂಪು ಹೋಗುತ್ತದೆ, ನಮಗೆ ವಾಸಿಯಾದ ಹಾಗೆ ಕಾಣುತ್ತದೆ. ಒಳಗೆ ಹುಳ ಹೆಚ್ಚುತ್ತಾ ಹೋಗುತ್ತದೆ. ಮೇಲೆ ಬರೆದ ಅಮ್ಮನವರ ನಾಯಿಗೆ ಆದದ್ದು ಇದೇ.

ಮಗನ ವಿಷಯ. ಇದು ಡೆಮೊಡೆಕ್ಸ್ ಆಗಿದ್ದರೆ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಇದೇ ಥರ ಕೂದಲು ಉದುರಿಸುವ ಹುಳುಕಡ್ಡಿ ಇದೆ. ಹೆಸರಲ್ಲಿ ಹುಳ ಇದ್ದರೂ ಅದು ಶಿಲೀಂಧ್ರ, ಫಂಗಸ್. ಅದು ಮಕ್ಕಳಿಗೆ ಸುಲಭವಾಗಿ ಅಂಟುತ್ತದೆ. ಪರೀಕ್ಷೆ ಆಗುವವರೆಗೆ ಇಬ್ಬರ ಚಾಪೆ ಬೇರೆ ಮಾಡಿ, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ. ಅಷ್ಟು ಸಾಕು. ಮರಿಯನ್ನು ದೂರ ಕಟ್ಟಿಹಾಕಬೇಡಿ.

ಇನ್ನೊಂದು ವಿಷಯ, ನಿಮಗಲ್ಲದಿದ್ದರೂ ಇದನ್ನು ಓದುವ ಬೇರೆಯವರಿಗೆ. ನಾಲ್ಕು ತಿಂಗಳೊಳಗಿನ ಮರಿಗೆ ಇದ್ದಕ್ಕಿದ್ದಂತೆ ಮೂತಿ, ತುಟಿ, ಕಣ್ಣಿನ ಸುತ್ತ ಊದಿಕೊಂಡು, ದವಡೆಯ ಕೆಳಗೆ ಗಂಟು ಕಟ್ಟಿ, ಜ್ವರ ಬಂದು ಸುಸ್ತಾಗಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ಅದಕ್ಕೆ ಸ್ಟೆರಾಯ್ಡೇ ಮದ್ದು, ಅದೂ ಬೇಗ ಬೇಕು. ತಡ ಮಾಡಿದರೆ ಮುಖದ ಮೇಲೆ ಕಲೆ ಉಳಿಯುತ್ತದೆ, ಜೀವಕ್ಕೂ ಅಪಾಯ. ಸ್ಟೆರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಏನು ಅಂತ ತಿಳಿಯದೆ ಕೊಡುವುದು ಕೆಟ್ಟದ್ದು.

ಗಾಡಿಯ ಆಯಿಲ್ ಬಗ್ಗೆ. ಅದರಲ್ಲಿ ಸುಟ್ಟ ಎಣ್ಣೆಯ ವಿಷ, ಲೋಹದ ಪುಡಿ ಎಲ್ಲಾ ಇರುತ್ತದೆ. ಮರಿ ನೆಕ್ಕದೆ ಬಿಡುವುದಿಲ್ಲ. ಚರ್ಮದ ಕಾಯಿಲೆಗೆ ಅಂತ ಹೋಗಿ ಲಿವರ್, ಕಿಡ್ನಿ ಕೆಡಿಸಿಕೊಂಡ ಹಾಗೆ ಆಗುತ್ತದೆ. ನೆಲ ಒರೆಸುವ ಫಿನಾಯಿಲ್ ಕಲಸಿದ ನೀರು, ಸೀಮೆಎಣ್ಣೆ, ಟೀ ಟ್ರೀ ಎಣ್ಣೆ, ಇವೂ ಬೇಡ.


ಮಳೆಬಿಲ್ಲು:

ಹುಳುಕಡ್ಡಿ ನಮ್ಮ ಮನೆಯಲ್ಲಿ ಆಗಿತ್ತು. ಮರಿಯ ಕಿವಿಯ ಹಿಂದೆ ದುಂಡಗೆ ಕೂದಲು ಹೋಗಿತ್ತು, ಅಂಚಿನಲ್ಲಿ ಕೂದಲು ಕತ್ತರಿಸಿದ ಹಾಗೆ ತುಂಡುತುಂಡು. ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ವಾರಕ್ಕೆ ಮಗಳ ಕುತ್ತಿಗೆಯ ಮೇಲೆ ದುಂಡಗೆ ಕೆಂಪು ಬಳೆ ಎದ್ದಿತು. ಆಗ ಇಬ್ಬರನ್ನೂ ಎರಡು ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಓಡಿದೆವು.

ಕತ್ತಲೆ ಕೋಣೆಯಲ್ಲಿ ನೇರಳೆ ಬಣ್ಣದ ದೀಪ ಹಿಡಿದು ನೋಡಿದರು, ಕೂದಲೆಳೆಗಳು ಎಳೇ ಹಸಿರಾಗಿ ಹೊಳೆದವು. ದೀಪಕ್ಕೆ ಹೊಳೆಯದಿದ್ದರೂ ಇಲ್ಲ ಅಂತ ಹೇಳಲು ಬರುವುದಿಲ್ಲವಂತೆ, ಅದಕ್ಕೆ ಕೂದಲು ಕಿತ್ತು ಕಲ್ಚರಿಗೂ, ಅಂದ್ರೆ ಅದರಿಂದ ಫಂಗಸ್ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೂ, ಕಳಿಸಿದರು. ಅದರ ಫಲಿತಾಂಶ ಬರಲು ಎರಡು ವಾರಕ್ಕಿಂತ ಜಾಸ್ತಿ ಹಿಡಿಯಿತು. ಮದ್ದಿಗಿಂತ ನಮಗೆ ಕಷ್ಟವಾದದ್ದು ಮನೆ ಸ್ವಚ್ಛ ಮಾಡುವುದು. ಉದುರಿದ ಕೂದಲಿನಲ್ಲಿ ಆ ಫಂಗಸ್ ತಿಂಗಳುಗಟ್ಟಲೆ ಉಳಿಯುತ್ತದೆ. ದಿನಾ ಗುಡಿಸಿ ಒರೆಸಿ, ಹಾಸಿಗೆ ಬಟ್ಟೆ ಒಗೆದು ಒಗೆದು ಕೈ ಸೋತು ಹೋಯಿತು. ಹಾಗಾಗಿ ಮಗುವಿಗೋಸ್ಕರವಾದರೂ ಬೇಗ ತೋರಿಸಿ.


ಚುಕ್ಕಿಯ ಮನೆ:

ಮೂರು ದಿನದ ನಂತರ ಬರೆಯುತ್ತಿದ್ದೇನೆ. ನಿನ್ನೆ ಹೋಗಿ ಬಂದೆವು. ಬಾಗಿಲು ದಾಟುವ ಮೊದಲೇ ಸ್ಕಿನ್ ಸ್ಕ್ರೇಪಿಂಗ್ ಮಾಡುತ್ತೀರಾ ಅಂತ ಕೇಳಿಬಿಟ್ಟೆ. ಡಾಕ್ಟರ್ ನಕ್ಕು, ಅದನ್ನೇ ಮಾಡೋದು ಬನ್ನಿ ಅಂದರು.

ಹೇಗೆ ಮಾಡಿದರು ಅಂತ ಬರೆಯುತ್ತೇನೆ, ನನ್ನ ಹಾಗೆ ಹೆದರಿದವರಿಗೆ ಉಪಯೋಗ ಆಗಬಹುದು. ಮೇಜಿನ ಮೇಲೆ ನಿಲ್ಲಿಸಿ, ನಾನು ತಲೆ ಹಿಡಿದುಕೊಂಡೆ. ಮುಂಗಾಲಿನ ಮಚ್ಚೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಗಟ್ಟಿಯಾಗಿ ಹಿಂಡಿದರು. ಕೂದಲ ಬುಡದಿಂದ ಹುಳ ಮೇಲೆ ಬರಲಿ ಅಂತ. ಬ್ಲೇಡಿಗೆ ಒಂದು ಹನಿ ಎಣ್ಣೆ ಹಾಕಿಕೊಂಡು, ಚೂಪು ಅಂಚಿನಿಂದ ಕೊಯ್ಯುವ ಹಾಗಲ್ಲ, ಓರೆಯಾಗಿ ಹಿಡಿದು ಒಂದೇ ಕಡೆಗೆ ಮೆಲ್ಲಗೆ ಹೆರೆದರು, ಸಣ್ಣಗೆ ರಕ್ತ ಜಿನುಗುವವರೆಗೆ. ಮಂಡಿ ತರಚಿದಾಗ ಆಗುತ್ತದಲ್ಲ, ಅಷ್ಟೇ. ಚುಕ್ಕಿ ಒಂದು ಸಲ ಕುಂಯ್ ಅಂದಳು, ಆಮೇಲೆ ನನ್ನ ಗಲ್ಲ ನೆಕ್ಕುತ್ತಾ ನಿಂತಳು. ಕಣ್ಣಿನ ಹತ್ತಿರ ಬ್ಲೇಡ್ ಬೇಡ ಅಂತ ಹತ್ತು ಹನ್ನೆರಡು ಕೂದಲು ಬುಡಸಮೇತ ಕಿತ್ತು ಇನ್ನೊಂದು ಗಾಜಿನ ಮೇಲಿಟ್ಟರು.

ನನ್ನನ್ನೂ ಕರೆದು ತೋರಿಸಿದರು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಮೊದಲು ಬರೀ ಎಣ್ಣೆಯ ಗುಳ್ಳೆ, ಕೂದಲ ಚೂರು. ಆಮೇಲೆ ಒಂದು ಕಂಡಿತು. ಚುಟ್ಟಾ ಆಕಾರ, ಉದ್ದನೆ ಬಾಲದ ಭಾಗ, ಮುಂದಿನ ಅರ್ಧದಲ್ಲಿ ಮೊಂಡು ಮೊಂಡು ಕಾಲುಗಳು. ಆ ಕಾಲುಗಳು ಮೆಲ್ಲಗೆ ಆಡುತ್ತಿದ್ದವು. ನನ್ನ ಮರಿಯ ಮುಖದಿಂದ ಬಂದದ್ದು ಅಂತ ಯೋಚಿಸಿ ಮೈ ಜುಂ ಅಂತು. ಪಕ್ಕದಲ್ಲಿ ಇನ್ನೂ ನಾಲ್ಕೈದು, ಮೊಟ್ಟೆಯೂ ಇತ್ತು. ಡಾಕ್ಟರ್ ಎಷ್ಟು ಜೀವಂತ, ಎಷ್ಟು ಸತ್ತದ್ದು, ಎಷ್ಟು ಮರಿ, ಎಷ್ಟು ಮೊಟ್ಟೆ ಅಂತ ಎಣಿಸಿ ಬರೆದಿಟ್ಟುಕೊಂಡರು. ಮುಂದಿನ ಸಲ ಹೋಲಿಸಲು ಬೇಕಂತೆ.

ಡೆಮೊಡೆಕ್ಸ್ ಅಂತ ಖಚಿತ. ಮೂರೇ ಮಚ್ಚೆ, ಕೀವಿಲ್ಲ, ಹಾಗಾಗಿ ಸ್ವಲ್ಪ ದಿನ ಕಾದು ನೋಡಬಹುದು, ಅಥವಾ ಬಾಯಿಗೆ ಕೊಡುವ ಒಂದು ಮಾತ್ರೆ ಇದೆ, ಯೋಚಿಸಿ ಹೇಳಿ ಅಂದರು. ಹುಳ ಕಣ್ಣಾರೆ ಕಂಡ ಮೇಲೂ ಮದ್ದು ಕೊಡದೆ ಹೇಗೆ ಇರುವುದು? ಮೇಡಂ, ನೀವು ಏನು ಹೇಳುತ್ತೀರಿ?


ಪಶುವೈದ್ಯೆ:

ನಿಮ್ಮ ಡಾಕ್ಟರ್ ಸರಿಯಾಗಿಯೇ ಹೇಳಿದ್ದಾರೆ. ಮರಿಗಳಲ್ಲಿ ಹೀಗೆ ಮೂರು ನಾಲ್ಕು ಸಣ್ಣ ಮಚ್ಚೆ ಮಾತ್ರ ಇದ್ದಾಗ ಹತ್ತರಲ್ಲಿ ಸುಮಾರು ಒಂಬತ್ತು ಮರಿಗಳು ಹುಳಕ್ಕೆ ಅಂತ ಮದ್ದೇ ಇಲ್ಲದೆ ವಾಸಿಯಾಗುತ್ತವೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ, ಕೆಲವಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ದೇಹದ ಕಾವಲು ಬಲಿಯುತ್ತದೆ, ಹುಳ ತಾನಾಗಿ ಇಳಿಯುತ್ತದೆ. ಹಾಗಂತ ಕಾಯುವುದು ಅಂದ್ರೆ ಮರೆತುಬಿಡುವುದಲ್ಲ. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಹೊಸ ಮಚ್ಚೆ ಬರುತ್ತಾ ಹೋದರೆ, ಕೀವು ಗುಳ್ಳೆ ಎದ್ದರೆ, ಪಾದ ಊದಿಕೊಂಡರೆ, ಜ್ವರ ಬಂದು ಊಟ ಬಿಟ್ಟರೆ ಕಾಯುವುದು ಮುಗಿಯಿತು, ಅವತ್ತೇ ಹೋಗಿ.

ನಿಮ್ಮ ಜಾಗದಲ್ಲಿ ನಾನಿದ್ದರೆ? ಕ್ರೀಮ್ ಹಚ್ಚಿದ್ದರಿಂದ ಮಚ್ಚೆ ಅಗಲವಾಗಿದೆ ಅಂತ ನಿಮಗೆ ಅನುಮಾನ ಇದೆ. ಎರಡು ಮೂರು ವಾರ ನೋಡಿ, ನಾಲ್ಕನೆಯದೋ ಐದನೆಯದೋ ಕಾಣಿಸಿದರೆ ಮಾತ್ರೆ ಶುರು ಮಾಡುತ್ತಿದ್ದೆ.

ಮಾತ್ರೆ ಅಂದದ್ದು ಬಹುಶಃ ಅಫೋಕ್ಸೊಲೇನರ್, ಫ್ಲುರಲೇನರ್, ಸರೋಲೇನರ್, ಲೋಟಿಲೇನರ್ ಗುಂಪಿನದು. ಚಿಗಟ, ಉಣ್ಣಿಗೆ ಅಂತ ಬಂದವು, ಈ ಹುಳದ ಮೇಲೂ ತುಂಬಾ ಚೆನ್ನಾಗಿ ಕೆಲಸ ಮಾಡುತ್ತವೆ. ಇವು ಬರುವ ಮೊದಲು ಅಮಿಟ್ರಾಜ್ ಕಲಸಿದ ನೀರಿನಲ್ಲಿ ಮೈ ತೋಯಿಸುವುದು, ದಿನಾ ಐವರ್ಮೆಕ್ಟಿನ್ ಕೊಡುವುದು, ಹೀಗೆ ತಿಂಗಳುಗಟ್ಟಲೆ ಒದ್ದಾಡಬೇಕಿತ್ತು. ಮರಿಗೆ ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ಮಾತ್ರೆಗೆ ಮೊದಲೇ ಹೇಳಲೇಬೇಕು. ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬಂದದ್ದಿದೆ, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಬಹುಪಾಲು ನಾಯಿಗಳಿಗೆ ಏನೂ ಆಗುವುದಿಲ್ಲ. ತೂಕ ಸರಿಯಾಗಿ ನೋಡಿಸಿಯೇ ಕೊಡಿ, ಮರಿಯ ತೂಕ ತಿಂಗಳಿಗೆ ತಿಂಗಳು ಬದಲಾಗುತ್ತದೆ.

ಐವರ್ಮೆಕ್ಟಿನ್ ಇಂಜೆಕ್ಷನ್ ಯಾರಾದರೂ ಮನೆಗೇ ಬಂದು ಚುಚ್ಚುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ. ಕಾಲಿ, ಆಸ್ಟ್ರೇಲಿಯನ್ ಶೆಫರ್ಡ್, ಶೆಟ್ಲ್ಯಾಂಡ್ ಶೀಪ್‌ಡಾಗ್ ಜಾತಿಗಳಲ್ಲಿ, ಇವುಗಳ ರಕ್ತ ಬೆರೆತ ಮಿಶ್ರ ತಳಿಗಳಲ್ಲೂ, ಒಂದು ಜೀನ್ ಬದಲಾವಣೆ ಸಾಮಾನ್ಯ. ಆ ನಾಯಿಗಳಿಗೆ ಹುಳಕ್ಕೆ ಕೊಡುವ ಪ್ರಮಾಣದಲ್ಲಿ ಐವರ್ಮೆಕ್ಟಿನ್ ಕೊಟ್ಟರೆ ಮದ್ದು ಮಿದುಳಿಗೆ ಹೋಗಿ ಕೋಮಾಕ್ಕೆ ಜಾರಬಹುದು.

ಕಾಯುವ ದಿನಗಳಲ್ಲಿ ಹೊಟ್ಟೆಯ ಜಂತುಹುಳಕ್ಕೆ ಮದ್ದು ಬಾಕಿ ಇದ್ದರೆ ಕೊಡಿಸಿ, ಲಸಿಕೆ ತಪ್ಪಿಸಬೇಡಿ, ಬೆಳೆಯುವ ಮರಿಗೆ ಅಂತ ಇರುವ ಊಟ ಹೊಟ್ಟೆ ತುಂಬಾ ಕೊಡಿ. ನಿಮ್ಮ ಶಾಂಪೂ ಬೇಡ. ನಾಯಿಯ ಹೊರಚರ್ಮ ನಮ್ಮದಕ್ಕಿಂತ ತೆಳು, ಅದರ ಹುಳಿ ಕ್ಷಾರದ ಹದವೂ ಬೇರೆ. ನಮ್ಮ ಶಾಂಪೂ ಅದನ್ನು ಒಣಗಿಸುತ್ತದೆ.


ನಾಯಿಪ್ರೀತಿ:

ನನ್ನ ಅನುಭವದಲ್ಲಿ ಚರ್ಮದ ಎಲ್ಲಾ ತೊಂದರೆಗೂ ಊಟವೇ ಕಾರಣ. ನಮ್ಮ ನಾಯಿಗೆ ಕೋಳಿ ಬಿಡಿಸಿದೆ, ಧಾನ್ಯ ಇಲ್ಲದ ಊಟಕ್ಕೆ ಬದಲಾಯಿಸಿದೆ, ಒಂದು ತಿಂಗಳಲ್ಲಿ ಮೈ ಹೊಳೆಯಿತು. ಇವರೂ ಮೊದಲು ಅದನ್ನೇ ಮಾಡಿ ನೋಡಲಿ, ಮಾತ್ರೆ ಯಾಕೆ ಸುಮ್ನೆ?


ಪಶುವೈದ್ಯೆ:

ನಿಮ್ಮ ನಾಯಿಗೆ ಒಳ್ಳೆಯದಾಯಿತು, ಸಂತೋಷ. ಅದಕ್ಕೆ ಆಹಾರದ ಅಲರ್ಜಿ ಇದ್ದಿರಬಹುದು. ಆದರೆ ಅಲರ್ಜಿಯ ನಾಯಿ ಮೊದಲು ಮಾಡುವ ಕೆಲಸವೇ ಕೆರೆದುಕೊಳ್ಳುವುದು, ಪಾದ ನೆಕ್ಕುವುದು, ಕಿವಿ ಕೊಡವುವುದು. ಚುಕ್ಕಿಗೆ ಅದು ಯಾವುದೂ ಇಲ್ಲ, ಅವಳ ಮೈಮೇಲೆ ಹುಳ ಕಣ್ಣಾರೆ ಕಂಡಿದೆ. ಇಲ್ಲಿ ಊಟ ಬದಲಾಯಿಸಿದರೆ ಹುಳಕ್ಕೆ ಏನೂ ಆಗುವುದಿಲ್ಲ.

ನಿಜವಾಗಿ ಆಹಾರದ ಮೇಲೆ ಅನುಮಾನ ಇದ್ದವರು ಕೂಡ ಒಂದು ಬಿಟ್ಟು ಇನ್ನೊಂದು ಹಾಕಿ ಅಂದಾಜು ಮಾಡಬೇಡಿ. ನಾಯಿ ಈ ಮೊದಲು ತಿಂದೇ ಇಲ್ಲದ ಒಂದೇ ಬಗೆಯ ಮಾಂಸದ ಊಟ, ಇಲ್ಲವೇ ಪ್ರೋಟೀನನ್ನು ಚೂರು ಚೂರಾಗಿ ಒಡೆದು ತಯಾರಿಸಿದ ಊಟ, ಕನಿಷ್ಠ ಎಂಟು ವಾರ. ಆ ಎಂಟು ವಾರ ಬೇರೆ ಒಂದು ತುಣುಕೂ ಬಾಯಿಗೆ ಹೋಗಬಾರದು. ಆಮೇಲೆ ಹಳೇ ಊಟ ಮತ್ತೆ ಕೊಟ್ಟು ತುರಿಕೆ ವಾಪಸ್ ಬರುತ್ತದಾ ಅಂತ ನೋಡಿದರೆ ಮಾತ್ರ ಖಚಿತ. ಆಹಾರದ ಅಲರ್ಜಿಗೆ ಅಂತ ಮಾಡುವ ರಕ್ತ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಅದು ಸರಿಯಾದ ಉತ್ತರ ಕೊಡುವುದಿಲ್ಲ. ಧಾನ್ಯಕ್ಕಿಂತ ದನದ ಮಾಂಸ, ಹಾಲು, ಕೋಳಿಯ ಪ್ರೋಟೀನಿಗೆ ಅಲರ್ಜಿ ಆಗುವ ನಾಯಿಗಳೇ ಜಾಸ್ತಿ.


ಹೊಸಬ:

ಇದೇ ಜಾಗದಲ್ಲಿ ಕೇಳಬಹುದಾ? ನನ್ನದು ಏಳು ತಿಂಗಳ ಗಂಡು ಮರಿ. ಚುಕ್ಕಿಗೆ ಪೂರ್ತಿ ವಿರುದ್ಧ. ರಾತ್ರಿ ಎಲ್ಲಾ ಕೆರೆತ. ಮಲಗಿದವನು ಎದ್ದು ಕೆರೆದು ಮತ್ತೆ ಮಲಗುತ್ತಾನೆ, ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಾನೆ. ಕಿವಿಯ ಅಂಚಿನಲ್ಲಿ ಹಕ್ಕಳೆ ಕಟ್ಟಿದೆ, ಮೊಣಕೈ, ಹೊಟ್ಟೆ ಕೆಂಪು. ಚಿಗಟ ಅಂತ ಹುಡುಕಿದೆ, ಸಿಗಲಿಲ್ಲ. ಮೊನ್ನೆ ಸ್ಕ್ರೇಪಿಂಗ್ ಕೂಡ ಆಯಿತು, ಹುಳ ಏನೂ ಕಾಣಲಿಲ್ಲ ಅಂದರು. ನನ್ನ ಸೊಂಟದ ಹತ್ತಿರ, ಕೈ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ತುರಿಸುತ್ತಿವೆ. ಎರಡಕ್ಕೂ ಸಂಬಂಧ ಇದೆಯಾ?


ಎರಡು ನಾಯಿಗಳ ಅಮ್ಮ:

ಇದೆ ತಮ್ಮಾ, ಖಂಡಿತ ಇರುವ ಹಾಗೆ ಕಾಣುತ್ತದೆ. ನನ್ನ ಚಿಕ್ಕವಳನ್ನು ಬೀದಿಯಿಂದ ಎತ್ತಿಕೊಂಡು ಬಂದಾಗ ಇದೇ ಆಗಿತ್ತು, ಅವಳನ್ನು ಎದೆಗೆ ಅವುಚಿಕೊಂಡಿದ್ದ ಜಾಗದಲ್ಲೆಲ್ಲಾ ನನಗೆ ಗುಳ್ಳೆ. ಸಾರ್ಕೊಪ್ಟಿಸ್ ಅನ್ನುವ ಹುಳ, ಅಂಟು ಕಜ್ಜಿ. ಒಂದು ಸಣ್ಣ ಪರೀಕ್ಷೆ ಡಾಕ್ಟರ್ ನನಗೆ ತೋರಿಸಿದ್ದರು. ಕಿವಿಯ ಅಂಚನ್ನು ಮಡಿಸಿ ಬೆರಳಿನ ನಡುವೆ ಮೆಲ್ಲಗೆ ಉಜ್ಜಿ. ಅದೇ ಬದಿಯ ಹಿಂಗಾಲು ಗಾಳಿಯಲ್ಲಿ ಕೆರೆಯಲು ಶುರು ಮಾಡಿದರೆ ಅನುಮಾನ ಬಲವಾಗುತ್ತದೆ.


ಪಶುವೈದ್ಯೆ:

ಹೌದು. ಮತ್ತೆ ಈ ಹುಳದ ವಿಷಯದಲ್ಲಿ ಸ್ಕ್ರೇಪಿಂಗಿನಲ್ಲಿ ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ. ಡೆಮೊಡೆಕ್ಸ್ ಇದ್ದರೆ ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ, ಸಾರ್ಕೊಪ್ಟಿಸ್ ಇದ್ದರೂ ಅರ್ಧಕ್ಕಿಂತ ಜಾಸ್ತಿ ಸಲ ತಪ್ಪಿಸಿಕೊಳ್ಳುತ್ತದೆ. ಕೆಲವೇ ಹುಳ ಸಾಕು, ಅಷ್ಟು ತುರಿಕೆ ಆಗುತ್ತದೆ. ಅದಕ್ಕೇ ಲಕ್ಷಣ ಹೊಂದಿದರೆ ಹುಳ ಕಾಣದಿದ್ದರೂ ಮದ್ದು ಕೊಟ್ಟು ನೋಡುತ್ತೇವೆ. ನಿಮ್ಮ ಮೈಯ ಗುಳ್ಳೆಯನ್ನು ಡಾಕ್ಟರಿಗೆ ಹೇಳಿದಿರಾ? ಹೇಳಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಹೇಳಿ, ಅದು ದೊಡ್ಡ ಸುಳಿವು.

ಮನೆಯಲ್ಲಿರುವ ಎಲ್ಲಾ ನಾಯಿಗಳಿಗೂ ಒಟ್ಟಿಗೆ ಮದ್ದಾಗಬೇಕು, ಕೆರೆಯದೆ ಇರುವವಕ್ಕೂ. ಹಾಸಿಗೆ ಬಟ್ಟೆ ಬಿಸಿನೀರಿನಲ್ಲಿ ಒಗೆಯಿರಿ. ನಾಯಿಯ ಈ ಹುಳ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ, ಮರಿ ವಾಸಿಯಾದರೆ ನಿಮ್ಮದೂ ಕೆಲವು ವಾರದಲ್ಲಿ ಹೋಗುತ್ತದೆ. ತುರಿಕೆ ತೀರಾ ಜಾಸ್ತಿ ಇದ್ದರೆ ನಿಮ್ಮ ಡಾಕ್ಟರಿಗೆ ತೋರಿಸಿ.

ಚಿಗಟ ಸಿಗಲಿಲ್ಲ ಅಂದಿರಿ. ಬಾಲದ ಬುಡದಲ್ಲಿ ಸಣ್ಣ ಹಲ್ಲಿನ ಬಾಚಣಿಗೆ ಆಡಿಸಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ ಉಜ್ಜಿ. ಮಣ್ಣಾಗಿದ್ದರೆ ಮಣ್ಣಿನ ಬಣ್ಣವೇ ಇರುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದ್ರೆ ಮರಿ ಕಳೆದುಕೊಂಡ ರಕ್ತ.


ಹೊಸಬ:

ಕಿವಿ ಉಜ್ಜಿದೆ. ಕಾಲು ತಕ್ಷಣ ಆಡಿತು, ಎರಡೂ ಬದಿ. ಕಾಗದದಲ್ಲಿ ಬಣ್ಣ ಬರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ನಾಳೆ ಬೆಳಿಗ್ಗೆ ಬರಲು ಹೇಳಿದ್ದಾರೆ. ತುಂಬಾ ಥ್ಯಾಂಕ್ಸ್ ಅಕ್ಕ, ಮೇಡಂ.


ಚುಕ್ಕಿಯ ಮನೆ:

ಏಳು ವಾರ ಆಯಿತು, ಏನಾಯಿತು ಅಂತ ತಿಳಿಸಲು ಬಂದೆ.

ಎರಡು ವಾರ ಕಾದೆವು. ಕಣ್ಣಿನದು, ಬಾಯಿಯದು ಹಾಗೇ ಇದ್ದವು, ಆದರೆ ಗಲ್ಲದ ಕೆಳಗೆ ಒಂದು, ಎಡ ಪಾದದ ಮೇಲೆ ಒಂದು ಹೊಸದಾಗಿ ಬಂತು. ಪಾದದ್ದರಲ್ಲಿ ಎರಡು ಕೀವು ಗುಳ್ಳೆ. ಅವತ್ತೇ ಹೋದೆ. ತೂಕ ನೋಡಿ ಮಾತ್ರೆ ಶುರು ಮಾಡಿದರು. ಗುಳ್ಳೆಯಿಂದ ಗಾಜಿಗೆ ಒತ್ತಿ ತೆಗೆದು ಬ್ಯಾಕ್ಟೀರಿಯಾ ಇದೆ ಅಂತ ನೋಡಿದರು. ಅದು ಒಂದೇ ಜಾಗದಲ್ಲಿ ಇರುವುದರಿಂದ ಆ್ಯಂಟಿಬಯೋಟಿಕ್ ಬೇಡ, ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸಾಕು ಅಂದರು. ವಾರಕ್ಕೆ ಎರಡು ಸಲ, ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು. ಮಗ ಗಡಿಯಾರ ಹಿಡಿದು ನಿಲ್ಲುತ್ತಾನೆ, ನಾನು ಚುಕ್ಕಿಯನ್ನು ಹಿಡಿದು ಕೂರುತ್ತೇನೆ. ಮೂರನೇ ನಿಮಿಷಕ್ಕೇ ಅವಳು ಮೈ ಕೊಡವಿ ನಮ್ಮಿಬ್ಬರಿಗೂ ಸ್ನಾನ ಮಾಡಿಸುತ್ತಾಳೆ. ಆಮೇಲೆ ಬೆರಳ ಸಂದಿ ಒಂದೊಂದನ್ನೇ ಬಿಡಿಸಿ ಒರೆಸುತ್ತೇನೆ, ಅಲ್ಲಿ ತೇವ ಉಳಿದರೆ ಮತ್ತೆ ಶುರುವಾಗುತ್ತದಂತೆ.

ಮಾತ್ರೆಯಾಗಿ ನಾಲ್ಕು ವಾರಕ್ಕೆ ಮತ್ತೆ ಹೆರೆದು ನೋಡಿದರು. ಎರಡು ಸತ್ತ ಹುಳ, ಜೀವಂತದ್ದು ಒಂದೂ ಇಲ್ಲ, ಮೊಟ್ಟೆ ಇಲ್ಲ. ಸತ್ತದ್ದು ಕಂಡರೂ ಪೂರ್ತಿ ಸ್ವಚ್ಛ ಅಂತ ಲೆಕ್ಕ ಇಲ್ಲವಂತೆ. ತಿಂಗಳ ಅಂತರದಲ್ಲಿ ಎರಡು ಸಲ ಏನೂ ಸಿಗದೆ ಇದ್ದರೆ ಮಾತ್ರ ನಿಲ್ಲಿಸೋಣ, ಕೂದಲು ಬಂತು ಅಂತ ಮಧ್ಯದಲ್ಲಿ ಬಿಟ್ಟರೆ ವಾಪಸ್ ಬರುತ್ತದೆ ಅಂದರು. ಮೊದಲ ಸಲ ಬೆದೆಗೆ ಬಂದಾಗ ಮೈಮೇಲೆ ಕಣ್ಣಿಟ್ಟಿರಿ, ಆಗ ಮರುಕಳಿಸುವುದುಂಟು ಅಂತಲೂ ಹೇಳಿದ್ದಾರೆ. ಈ ತೊಂದರೆ ತಾಯಿಯಿಂದ ಮರಿಗೆ ಇಳಿಯುತ್ತದಾದ್ದರಿಂದ ಮೈತುಂಬಾ ಹರಡಿದವಳಿಂದ ಮರಿ ಹಾಕಿಸಬಾರದು ಅಂದರು. ನಮಗೂ ಆ ಯೋಚನೆ ಇರಲಿಲ್ಲ, ಸಮಯ ಬಂದಾಗ ಆಪರೇಷನ್ ಮಾಡಿಸುತ್ತೇವೆ.

ಪಾದದ ಗುಳ್ಳೆ ಒಣಗಿದೆ. ಇವತ್ತು ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆಯಲು ಮುಖ ಹಿಡಿದಾಗ ಕಣ್ಣಿನ ಸುತ್ತ ಬೆರಳಿಗೆ ಸಣ್ಣಗೆ ಮೆತ್ತಗೆ ತಾಗಿತು. ಪೀಚ್ ಹಣ್ಣಿನ ಸಿಪ್ಪೆಯ ಮೇಲಿರುತ್ತದಲ್ಲ, ಅಂಥ ತುಪ್ಪಳ. ಮೊದಲಿದ್ದ ಕೂದಲಿಗಿಂತ ಬಣ್ಣ ಸ್ವಲ್ಪ ಕಪ್ಪು. ಮಗನನ್ನು ಕರೆದು ಮುಟ್ಟಿಸಿದೆ. ಮುಂದಿನ ಸ್ಕ್ರೇಪಿಂಗಿಗೆ ಇನ್ನು ಸುಮಾರು ಮೂರು ವಾರ ಇದೆ, ಅದಾದ ಮೇಲೆ ಮತ್ತೆ ಬರೆಯುತ್ತೇನೆ.